ಪೂರ್ಣ ನಾಮವೂ ಕರೆಯುವ ಹೆಸರೂ

ಲೋಕದಲ್ಲಿ ವಸ್ತುಗಳು ಅನೇಕ, ಹೆಸರುಗಳೋ ಕೆಲವೇ. ಆದುದರಿಂದ ಒಂದೇ ಹೆಸರು ಹಲವರಿಗೆ ಬರುವುದು ಅನಿವಾರ್ಯ. ನಮ್ಮ ಬೋರ್ಡಿಂಗಿನಲ್ಲಿ ವಾಸಮಾಡಿದವರೆಲ್ಲರೂ ಈ ಮಾತನ್ನು ಬಲ್ಲರು. ಒಂದೇ ವರುಷ ಇಬ್ಬರು ಶಾಂತೆಯರು ಬಂದು ಸೇರಿದರೆಂದರೆ, ವಾರ ಕಳೆಯುವುದರೊಳಗಾಗಿ ಒಬ್ಬಳು ಶಿರಸಿ ಶಾಂತೆಯೂ ಮತ್ತೊಬ್ಬಳು ಹಾವೇರಿ ಶಾಂತೆಯೂ ಆಗಿಬಿಡುವರು. ಈ ಏರ್ಪಾಟನ್ನು ಯಾವ ಉಪಾಧ್ಯಾಯಿನಿಯೂ ಮಾಡುವುದಿಲ್ಲ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಮಕ್ಕಳೇ ಮಾಡಿಕೊಳ್ಳುವರು. ಆದರೆ ಅದೇ ಹುಡುಗಿ ಬೇಸಗೆಯ ರಜೆಗೆ ತನ್ನ ಮನೆಗೆ ಹೋದಳೆನ್ನಿ. ಅಲ್ಲಿ ಯಾರೂ ಅವಳನ್ನು ಶಿರಸಿ ಶಾಂತೆ ಎಂದು ಕರೆಯುವುದಿಲ್ಲ. ಮನೆಯೊಳಗೆ ಬರಿಯ ಶಾಂತೆ ಎಂದರೆ ಸಾಕು. ಊರಿನ ಹೆಸರು ಬೇಕಾಗುವುದು ಹೊರಗಿನವರಿಗೆ.

ಈ ಸಣ್ಣ ಸಂಗತಿಯೇ ನನ್ನ ಲೇಖನಕ್ಕೆ ಬೀಜ. ಸಂಚಿಕೆಯ ಸಂಪಾದಕ ಮಂಡಲಿಯವರು ನನ್ನಿಂದ ಶಾಲೆಯ ನೆನಪುಗಳನ್ನು ನಿರೀಕ್ಷಿಸಿದ್ದರು. ನಾನು ಪಿಎಚ್‌ಪಿ ಎಂಬ ಕಂಪ್ಯೂಟರು ಭಾಷೆಯ ಒಂದು ಪಾಠವನ್ನು ಕುರಿತು ಬರೆಯುವೆನೆಂದಾಗ ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆದರೂ ವಾಚಕರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇನೆ. ಶಾಲೆ ಬಿಟ್ಟಮೇಲೆ ನಮ್ಮ ಹುಡುಗಿಯರು ಕಂಪ್ಯೂಟರು ಕೊಠಡಿಯಲ್ಲಿ ಏನು ಮಾಡುತ್ತಾರೆಂದು ತಾಯಂದಿರು ನನ್ನನ್ನು ಅನೇಕ ಸಲ ಕೇಳಿದ್ದುಂಟು. ಅವರಿಗೆ ಇದು ಉತ್ತರ. ಹಳೆಯ ವಿದ್ಯಾರ್ಥಿನಿಯರಿಗೂ ಇದರಲ್ಲಿ ಒಂದು ವಿಷಯ ಅಡಗಿದೆ. ಅದನ್ನು ಕಡೆಯಲ್ಲಿ ಅರಿಕೆಮಾಡುವೆನು.

ನಮ್ಮ ಕೆಲಸದ ಪ್ರಾರಂಭ ಹೀಗಾಯಿತು. ಶಾಲೆಯ ಕಬ್ಬಿಣದ ಬೀರುವಿನಲ್ಲಿ ದಾಖಲಾತಿ ರಿಜಿಸ್ಟರುಗಳು ಸಾಲಾಗಿ ಇವೆ. ಕೆಲವುಗಳ ಅಂಚು ಪುಡಿಯಾಗುತ್ತಿದೆ. ಕೆಲವುಗಳ ಮಸಿ ಕಂದು ಬಣ್ಣಕ್ಕೆ ತಿರುಗಿದೆ. ಅವುಗಳಲ್ಲಿರುವ ಹೆಸರುಗಳನ್ನು ಕಂಪ್ಯೂಟರಿಗೆ ಏರಿಸಬೇಕೆಂದು ನಿಶ್ಚಯವಾಯಿತು. ಬೆಂಗಳೂರಿನಲ್ಲಿ ಪ್ರೋಗ್ರಾಮು ಬರೆಯುವ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ರಜೆಯ ದಿವಸಗಳನ್ನು ಇದಕ್ಕಾಗಿ ಕೊಟ್ಟಳು. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ ಐದಾರು ಹುಡುಗಿಯರು ಅವಳ ಶಿಷ್ಯೆಯರಾದರು. ಇಪ್ಪತ್ತು ವರುಷಕ್ಕೂ ಮಿಕ್ಕಿ ಗಣಿತವನ್ನು ಬೋಧಿಸಿದ ನಾನು ಹಿಂದಿನ ಬೆಂಚಿನಲ್ಲಿ ಒಂದು ನೋಟುಬುಕ್ಕು ಹಿಡಿದು ಕುಳಿತೆನು. "ಮಿಸ್, ನೀವು ಮುಂದೆ ಬನ್ನಿ" ಎಂದು ಆಕೆ ಕರೆದಳು. "ಬೇಡಮ್ಮಾ, ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ" ಎಂದೆನು. ಒಂದು ಕಾಲದಲ್ಲಿ ನಾನು ಗುಣಾಕಾರ ಕಲಿಸಿದ ಮಗುವಿನಿಂದ ಪಾಠ ಹೇಳಿಸಿಕೊಳ್ಳುವ ಸಂತೋಷವನ್ನು ಉಪಾಧ್ಯಾಯಿನಿಯರು ಮಾತ್ರ ಬಲ್ಲರು.

ಪಿಎಚ್‌ಪಿಯ ಚರಿತ್ರೆಯನ್ನು ಆಕೆ ಸಂಗ್ರಹವಾಗಿ ಹೇಳಿದಳು. ರಾಸ್ಮಸ್ ಲೆರ್ಡಾರ್ಫ್ ಎಂಬವರು 1994ರಲ್ಲಿ ತಮ್ಮ ಸ್ವಂತ ಉಪಯೋಗಕ್ಕಾಗಿ ಕೆಲವು ಸಣ್ಣ ಸಾಧನಗಳನ್ನು ರಚಿಸಿಕೊಂಡರು; ಅಂತರ್ಜಾಲದಲ್ಲಿದ್ದ ತಮ್ಮ ವೃತ್ತಾಂತದ ಪುಟವನ್ನು ಯಾರು ಯಾರು ನೋಡುತ್ತಾರೆಂದು ತಿಳಿಯುವುದೇ ಉದ್ದೇಶ. 1995ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಒಬ್ಬರ ಮನೆಯ ಉಪಕರಣವು ಬೆಳೆಯುತ್ತಾ ಹೋಗಿ ಲೋಕದ ಅಸಂಖ್ಯ ಜಾಲತಾಣಗಳನ್ನು ನಡೆಯಿಸುವ ಭಾಷೆಯಾಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ನಡೆಯುವುದು ಮೀಡಿಯವಿಕಿ ಎಂಬ ಪ್ರೋಗ್ರಾಮಿನ ಮೇಲೆ. ಆ ಪ್ರೋಗ್ರಾಮು ಪಿಎಚ್‌ಪಿಯಲ್ಲಿ ಬರೆದುದು. ನಮ್ಮ ಮಕ್ಕಳು ಕನ್ನಡದಲ್ಲಿ ಒಂದು ವಿಷಯವನ್ನು ಹುಡುಕಿ ಓದುವಾಗಲೆಲ್ಲ ಈ ಭಾಷೆಯ ಸೇವೆಯನ್ನು ತಿಳಿಯದೆಯೇ ಪಡೆಯುತ್ತಾರೆ.

ಚಿಕ್ಕ ಮನೆಯಲ್ಲಿ ಹೆಸರುಗಳ ಜಗಳವಿರುವುದಿಲ್ಲ. ಮನೆ ದೊಡ್ಡದಾದಾಗ ಜಗಳ ಹುಟ್ಟುತ್ತದೆ. ನಮ್ಮ ಹುಡುಗಿಯರಿಗೂ ಹಾಗೆಯೇ ಆಯಿತು. ಅವರಲ್ಲಿ ಎರಡು ಗುಂಪು. ಒಂದು ಗುಂಪು ಈಗ ಓದುತ್ತಿರುವ ಮಕ್ಕಳ ಹಾಜರಿ, ಶುಲ್ಕ, ಅಂಕಗಳ ಲೆಕ್ಕವನ್ನು ಬರೆಯಿತು. ಇನ್ನೊಂದು ಗುಂಪು ಹಳೆಯ ವಿದ್ಯಾರ್ಥಿನಿಯರ ವಿಳಾಸ, ಓದಿದ ವರುಷ, ಮುಂದಿನ ಜೀವನದ ವಿವರಗಳನ್ನು ಬರೆಯಿತು. ಎರಡು ಗುಂಪಿನವರೂ ತಮ್ಮ ತಮ್ಮ ಮುಖ್ಯ ಕ್ಲಾಸಿಗೆ ವಿದ್ಯಾರ್ಥಿನಿ ಎಂಬ ಹೆಸರನ್ನೇ ಇಟ್ಟರು. ಇಲ್ಲಿ ಕ್ಲಾಸು ಎಂದರೆ ನಮ್ಮ ತರಗತಿಯಲ್ಲ. ಒಂದು ಬಗೆಯ ವಸ್ತುವನ್ನು ಎಷ್ಟು ಬೇಕಾದರೂ ಎರಕ ಹೊಯ್ಯುವುದಕ್ಕೆ ಮಾಡಿಟ್ಟ ಅಚ್ಚು ಎಂದು ತಿಳಿಯಬೇಕು. ಎರಡು ಕೆಲಸಗಳನ್ನೂ ಒಂದುಗೂಡಿಸಿದ ದಿವಸ ಕಂಪ್ಯೂಟರು ಕೆಲಸ ನಿಲ್ಲಿಸಿ, ಈ ಕ್ಲಾಸನ್ನು ಘೋಷಿಸಲಾಗದು, ಈ ಹೆಸರು ಆಗಲೇ ಬಳಕೆಯಲ್ಲಿದೆ ಎಂಬ ಅರ್ಥದ ಒಂದು ವಾಕ್ಯವನ್ನು ತೋರಿಸಿತು. ಎರಡು ಗುಂಪಿನವರೂ ನಾವು ಮೊದಲು ಇಟ್ಟೆವೆಂದು ವಾದಿಸತೊಡಗಿದರು.

ಇಂಥ ವ್ಯಾಜ್ಯವು ದೊಡ್ಡವರ ನಡುವೆಯೂ ನಡೆದಿದೆಯೆಂದು ಆಕೆ ಅವರನ್ನು ಸಮಾಧಾನಪಡಿಸಿದಳು. 2005ರ ನವೆಂಬರಿನಲ್ಲಿ ಪಿಎಚ್‌ಪಿಯ 5.1.0 ಎಂಬ ಆವೃತ್ತಿ ಹೊರಬಂದಾಗ, ಅದನ್ನು ರಚಿಸಿದವರು ಡೇಟ್ ಎಂಬ ಒಂದು ಕ್ಲಾಸನ್ನು ಭಾಷೆಯೊಳಗೇ ಸೇರಿಸಿದ್ದರು. ಆದರೆ ಪೇರ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಅದೇ ಹೆಸರಿನ ಕ್ಲಾಸು ಮೊದಲೇ ಇದ್ದು, ಅನೇಕರು ಅದನ್ನು ಬಳಸುತ್ತಿದ್ದರು. ಅವರ ಪ್ರೋಗ್ರಾಮುಗಳೆಲ್ಲ ಮುರಿದುಬಿದ್ದವು. ಅದೇ ತಿಂಗಳು 5.1.1 ಎಂಬ ಆವೃತ್ತಿಯನ್ನು ಹೊರಡಿಸಿ ಆ ಹೊಸ ಕ್ಲಾಸನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಭಾಷೆಯ ಒಡೆಯರೇ ಒಂದು ಹೆಸರಿಗಾಗಿ ಹಿಂದೆ ಸರಿದರೆಂದು ಕೇಳಿ ಹುಡುಗಿಯರಿಗೆ ಬಹಳ ಆಶ್ಚರ್ಯವಾಯಿತು.

ಆ ಕಾಲದ ಜನರು ಇದಕ್ಕೆ ಕಂಡುಕೊಂಡಿದ್ದ ಉಪಾಯವು ನಮ್ಮ ಇನಿಷಿಯಲುಗಳಂಥದು. ಪ್ರತಿಯೊಂದು ಹೆಸರಿನ ಹಿಂದೆ ತಮ್ಮ ಗುರುತನ್ನು ಹಚ್ಚುವುದು. ವರ್ಡ್‌ಪ್ರೆಸ್ಸಿನ ಎಷ್ಟೋ ಫಂಕ್ಷನ್ನುಗಳ ಹೆಸರು ಡಬ್ಲ್ಯುಪಿ ಎಂಬ ಎರಡು ಅಕ್ಷರಗಳಿಂದ ಮೊದಲಾಗುವುದು ಈ ಕಾರಣದಿಂದಲೇ. ಇನ್ನು ಕೆಲವರು ವಂಶಾವಳಿಯನ್ನೇ ಹೆಸರಿಗೆ ಕಟ್ಟಿದರು. ಝೆಂಡ್ ಫ್ರೇಮ್‌ವರ್ಕ್ ಎಂಬ ಪ್ರಸಿದ್ಧ ಭಂಡಾರದ ಮೊದಲನೆಯ ಆವೃತ್ತಿಯಲ್ಲಿ ಝೆಂಡ್_ಕಂಟ್ರೋಲರ್_ಆಕ್ಷನ್_ಹೆಲ್ಪರ್_ಫ್ಲ್ಯಾಶ್‌ಮೆಸೆಂಜರ್ ಎಂಬ ಕ್ಲಾಸು ಇದ್ದಿತು. ಇದನ್ನು ಕೇಳಿದಾಗ ನನಗೆ ಮದುವೆಯ ಕರೆಯೋಲೆಯಲ್ಲಿ ಅಜ್ಜ ಮುತ್ತಜ್ಜಂದಿರ ಹೆಸರುಗಳಾದ ಮೇಲೆ ಕಡೆಗೊಮ್ಮೆ ಕಾಣಿಸಿಕೊಳ್ಳುವ ವರನ ನೆನಪಾಯಿತು. ಗೊಂದಲವೇನೋ ತಪ್ಪುತ್ತಿತ್ತು, ಆದರೆ ಮನೆಯೊಳಗೂ ಹೊರಗೂ, ಪ್ರತಿ ಸಾಲಿನಲ್ಲಿಯೂ ಆ ಉದ್ದನೆಯ ಹೆಸರನ್ನೇ ಬರೆಯಬೇಕಾಗುತ್ತಿತ್ತು.

ಈ ಕಷ್ಟಕ್ಕೆ ಪರಿಹಾರವಾಗಿ 2009ರ ಜೂನಿನಲ್ಲಿ ಹೊರಬಂದ 5.3 ಎಂಬ ಆವೃತ್ತಿಯು ನೇಮ್‌ಸ್ಪೇಸ್ ಎಂಬುದನ್ನು ತಂದಿತು. ಕನ್ನಡದಲ್ಲಿ ಇದನ್ನು ಹೆಸರಿನ ಮನೆ ಎಂದು ಕರೆಯೋಣ. ಫೈಲಿನ ತಲೆಯಲ್ಲಿ, ಮಿಕ್ಕ ಕೆಲಸಕ್ಕೆ ಮುಂಚಿತವಾಗಿ, ಈ ಫೈಲಿನಲ್ಲಿರುವ ಹೆಸರುಗಳು ಇಂಥ ಮನೆಗೆ ಸೇರಿದವು ಎಂದು ಒಂದು ಸಾಲು ಬರೆಯತಕ್ಕದ್ದು. ಮನೆಗೂ ಹೆಸರಿಗೂ ನಡುವೆ ಹಿಂದಕ್ಕೆ ಬಾಗಿದ ಗೆರೆಯೊಂದನ್ನು ಇಡುತ್ತಾರೆ. ಜೋಡಿ ವಿಸರ್ಗದಂಥ ಚಿಹ್ನೆಯನ್ನೇ ಇಡಬೇಕೆಂದು ಮೊದಲು ಆಲೋಚನೆಯಿತ್ತಂತೆ. ಆದರೆ ಆ ಚಿಹ್ನೆಗೆ ಭಾಷೆಯಲ್ಲಿ ಬೇರೊಂದು ಕೆಲಸ ಆಗಲೇ ಇದ್ದುದರಿಂದ ಅರ್ಥವು ಸಂದಿಗ್ಧವಾಗುವ ಭಯವಿತ್ತು. 2008ರ ಅಕ್ಟೋಬರಿನಲ್ಲಿ ಹಿಂಬಾಗಿದ ಗೆರೆಯೇ ನಿಶ್ಚಯವಾಯಿತು. ಅನೇಕರು ಇದನ್ನು ವಿಕಾರವೆಂದು ಹಾಸ್ಯ ಮಾಡಿದರು. ಅಂದಕ್ಕಿಂತ ಅಸಂದಿಗ್ಧತೆ ಮೇಲೆಂದು ರಚಿಸಿದವರು ನಿಂತುಕೊಂಡರು.

ನಮ್ಮ ಹುಡುಗಿಯರ ವ್ಯಾಜ್ಯವೂ ಹೀಗೆಯೇ ಬಗೆಹರಿಯಿತು. ಒಂದು ಕ್ಲಾಸಿನ ಪೂರ್ಣ ನಾಮವು ಶಾಲೆ\ತರಗತಿ\ವಿದ್ಯಾರ್ಥಿನಿ ಎಂದಾಯಿತು, ಇನ್ನೊಂದರದು ಶಾಲೆ\ಹಳಬರು\ವಿದ್ಯಾರ್ಥಿನಿ. ಪಿಎಚ್‌ಪಿಯ ಸ್ವಂತ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು. ಆದರೆ ನಾವು ಇಡುವ ಹೆಸರುಗಳು ಕನ್ನಡದಲ್ಲಿದ್ದರೆ ಅದಕ್ಕೆ ಯಾವ ಅಡ್ಡಿಯೂ ಇಲ್ಲವೆಂಬುದು ನನಗೆ ಸಂತೋಷದ ಸಂಗತಿ. ಈಗ ಯಾವ ಗುಂಪಿನವರೂ ತಮ್ಮ ಹೆಸರನ್ನು ಬಿಟ್ಟುಕೊಡಬೇಕಾಗಲಿಲ್ಲ. ತಮ್ಮ ಮನೆಯೊಳಗೆ ಅವರು ಬರಿಯ ವಿದ್ಯಾರ್ಥಿನಿ ಎಂದೇ ಬರೆಯಬಹುದು. ಶಿರಸಿಯ ಮನೆಯಲ್ಲಿ ಶಾಂತೆ ಬರಿಯ ಶಾಂತೆಯೇ ಅಲ್ಲವೆ?

ಆದರೆ ಎರಡು ಮನೆಯವರೂ ಬಂದು ಕೂಡುವ ಜಾಗವೊಂದು ಬೇಕಲ್ಲ. ಹತ್ತನೆಯ ತರಗತಿ ಮುಗಿಸಿದ ಹುಡುಗಿಯ ವಿವರವನ್ನು ಮೊದಲನೆಯ ಪಟ್ಟಿಯಿಂದ ಎರಡನೆಯ ಪಟ್ಟಿಗೆ ದಾಟಿಸುವ ಫೈಲು ಅಂಥದು. ಅಲ್ಲಿ ಬರಿಯ ವಿದ್ಯಾರ್ಥಿನಿ ಎಂದರೆ ಯಾರು? ಇಲ್ಲಿ ಯೂಸ್ ಎಂಬ ಪದವೂ ಆಸ್ ಎಂಬ ಪದವೂ ನೆರವಿಗೆ ಬರುತ್ತವೆ. ಫೈಲಿನ ಮೇಲುಭಾಗದಲ್ಲಿ ಹುಡುಗಿಯರು ಹೀಗೆ ಬರೆದರು:

ಯೂಸ್ ಶಾಲೆ\ತರಗತಿ\ವಿದ್ಯಾರ್ಥಿನಿ;
ಯೂಸ್ ಶಾಲೆ\ಹಳಬರು\ವಿದ್ಯಾರ್ಥಿನಿ ಆಸ್ ಹಳೆಯವಿದ್ಯಾರ್ಥಿನಿ;

ಮೊದಲನೆಯ ಸಾಲಿನಲ್ಲಿ ಆಸ್ ಇಲ್ಲದಿರುವುದರಿಂದ ಪೂರ್ಣ ನಾಮದ ಕಡೆಯ ಪದವೇ ಈ ಫೈಲಿನಲ್ಲಿ ಕರೆಯುವ ಹೆಸರಾಗುತ್ತದೆ. ಎರಡನೆಯ ಸಾಲಿನಲ್ಲಿ ಆ ಹೆಸರು ಆಗಲೇ ಬಳಕೆಗೆ ಬಂದುದರಿಂದ ಬೇರೊಂದು ಕರೆಯುವ ಹೆಸರನ್ನು ಗೊತ್ತುಮಾಡಿದ್ದಾರೆ. ಇದನ್ನೇ ಆ ಭಾಷೆಯವರು ಅಲಿಯಾಸ್ ಎನ್ನುವರು.

ಇದರಲ್ಲಿ ಹೊಸಬರು ಎಡವುವ ಸ್ಥಳಗಳು ನಾಲ್ಕು. ಹುಡುಗಿಯರು ಪ್ರತಿಯೊಂದರಲ್ಲಿಯೂ ಎಡವಿ ಎದ್ದುದನ್ನು ನಾನು ಹಿಂದಿನ ಬೆಂಚಿನಿಂದ ನೋಡಿದೆನಾದ್ದರಿಂದ ಅವುಗಳನ್ನು ಹೇಳಬಲ್ಲೆನು.

ಮೊದಲನೆಯದು, ಕರೆಯುವ ಹೆಸರು ಅದನ್ನು ಬರೆದ ಫೈಲಿನೊಳಗೆ ಮಾತ್ರ ನಡೆಯುತ್ತದೆ. ಆ ಫೈಲು ಬೇರೊಂದು ಫೈಲನ್ನು ಒಳಗೆ ಕರೆದುಕೊಂಡರೂ ಅಲ್ಲಿಗೆ ಈ ಹೆಸರು ಹರಿದುಹೋಗುವುದಿಲ್ಲ. ಪ್ರತಿ ಫೈಲೂ ತನಗೆ ಬೇಕಾದುದನ್ನು ತಾನೇ ಹೇಳಿಕೊಳ್ಳಬೇಕು.

ಎರಡನೆಯದು, ಯೂಸ್ ಎಂದು ಬರೆದ ಮಾತ್ರಕ್ಕೆ ಆ ಕ್ಲಾಸು ಎದ್ದು ಬಂದುಬಿಡುವುದಿಲ್ಲ. ಅದು ಹೆಸರಿನ ಒಪ್ಪಂದವೇ ಹೊರತು ವಸ್ತುವಿನ ಸಾಗಣೆಯಲ್ಲ. ವಿಳಾಸವನ್ನು ಬರೆದುಕೊಂಡರೆ ನೆಂಟರು ಮನೆಗೆ ಬಂದಂತಾಯಿತೆ? ಫೈಲನ್ನು ಹುಡುಕಿ ತರುವುದಕ್ಕೆ ಬೇರೆ ಏರ್ಪಾಟು ಉಂಟು. ಪೂರ್ಣ ನಾಮದಲ್ಲಿರುವ ಮನೆಗಳ ಕ್ರಮಕ್ಕೂ ಕಂಪ್ಯೂಟರಿನಲ್ಲಿರುವ ಫೋಲ್ಡರುಗಳ ಕ್ರಮಕ್ಕೂ ಹೊಂದಿಕೆ ಇರಬೇಕೆಂದು 2013ರಲ್ಲಿ ಅಂಗೀಕೃತವಾದ ಪಿಎಸ್‌ಆರ್-4 ಎಂಬ ನಿಯಮ ಹೇಳುತ್ತದೆ. 2012ರಲ್ಲಿ ಹೊರಬಂದ ಕಂಪೋಸರ್ ಎಂಬ ಸಾಧನವು ಆ ನಿಯಮವನ್ನನುಸರಿಸಿ, ಬೇಕಾದ ಹೊತ್ತಿಗೆ ಬೇಕಾದ ಫೈಲನ್ನು ತಂದುಕೊಡುವ ಏರ್ಪಾಟು ಮಾಡುತ್ತದೆ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಮನೆಯೊಳಗೆ ಕುಳಿತು ಒಂದು ಫಂಕ್ಷನ್ನಿನ ಹೆಸರನ್ನು ಬರಿದಾಗಿ ಬರೆದರೆ, ಪಿಎಚ್‌ಪಿಯು ಮೊದಲು ಆ ಮನೆಯಲ್ಲಿ ಹುಡುಕಿ, ಅಲ್ಲಿಲ್ಲದಿದ್ದರೆ ಎಲ್ಲರಿಗೂ ಸೇರಿದ ಹೊರ ಅಂಗಳದಲ್ಲಿ ಹುಡುಕುತ್ತದೆ. ಕ್ಲಾಸಿನ ವಿಷಯದಲ್ಲಿ ಹಾಗೆ ಮಾಡುವುದಿಲ್ಲ. ದಿನಾಂಕವನ್ನು ತಿಳಿಸುವ ಡೇಟ್‌ಟೈಮ್ ಎಂಬ ಕ್ಲಾಸು ಹೊರ ಅಂಗಳದಲ್ಲಿದೆ. ನಮ್ಮ ಮನೆಯೊಳಗಿಂದ ಅದನ್ನು ಬರಿದಾಗಿ ಕರೆದರೆ ಇಲ್ಲವೆಂಬ ಉತ್ತರವೇ ಬರುವುದು. ಹೆಸರಿನ ಮುಂದೆ ಒಂದು ಹಿಂಬಾಗಿದ ಗೆರೆಯನ್ನಿಟ್ಟು \ಡೇಟ್‌ಟೈಮ್ ಎಂದು ಬರೆಯಬೇಕು, ಇಲ್ಲವೆ ಮೇಲೆ ಯೂಸ್ ಎಂದು ಹೇಳಿರಬೇಕು. ಬೋರ್ಡಿಂಗಿನಲ್ಲಿ ನಮ್ಮ ಕೋಣೆಯಲ್ಲಿ ಸೂಜಿ ಸಿಕ್ಕದಿದ್ದರೆ ಉಗ್ರಾಣದಿಂದ ಒಂದನ್ನು ತಂದುಕೊಳ್ಳುತ್ತೇವೆ. ಆದರೆ ಅಕ್ಕ ಎಂದು ಕರೆದಾಗ ಅಕ್ಕ ಅಲ್ಲಿರದಿದ್ದರೆ, ದಾರಿಯಲ್ಲಿ ಹೋಗುವ ಯಾರನ್ನೋ ಅಕ್ಕನೆಂದು ಒಳಕ್ಕೆ ಕರೆತರುವುದಿಲ್ಲ. ಹುಡುಗಿಯರಿಗೆ ನಾನು ಕೊಟ್ಟ ಈ ದೃಷ್ಟಾಂತವನ್ನು ಅವರ ಗುರುವೂ ಮೆಚ್ಚಿಕೊಂಡಳು.

ನಾಲ್ಕನೆಯದು, ಕ್ಲಾಸಿನ ಹೆಸರು ಪ್ರೋಗ್ರಾಮಿನ ಸಾಲಿನಲ್ಲಿರದೆ ಹೊರಗಿನಿಂದ ಬರಿಯ ಅಕ್ಷರಮಾಲೆಯಾಗಿ ಬಂದರೆ, ನಾವು ಇಟ್ಟುಕೊಂಡ ಕರೆಯುವ ಹೆಸರನ್ನು ಪಿಎಚ್‌ಪಿ ಅಲ್ಲಿ ಲಕ್ಷಿಸುವುದಿಲ್ಲ. ಅಲ್ಲಿ ಪೂರ್ಣ ನಾಮವೇ ಬೇಕು.

ಈ ನಾಲ್ಕನೆಯ ನಿಯಮವನ್ನು ಕೇಳಿದ ದಿವಸ ನಾನು ನೋಟುಬುಕ್ಕನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು. ಕಾರಣವನ್ನು ಹೇಳುತ್ತೇನೆ.

ಅದಕ್ಕೆ ಕೆಲವು ತಿಂಗಳ ಮುಂಚೆ, ಅರುವತ್ತು ದಾಟಿದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಶಾಲೆಗೆ ಬಂದಿದ್ದರು. ತಂದೆತಾಯಿಗಳು ಅವರಿಗೆ ಒಂದು ಹೆಸರಿಟ್ಟಿದ್ದರು. ನಮ್ಮ ರಿಜಿಸ್ಟರಿನಲ್ಲಿರುವುದು ಅದೇ. ಮದುವೆಯ ದಿವಸ ಗಂಡನ ಮನೆಯವರು ಬೇರೆ ಹೆಸರಿಟ್ಟರು. ಪಡಿತರ ಚೀಟಿ, ಆಧಾರ್, ಬ್ಯಾಂಕಿನ ಪುಸ್ತಕ ಎಲ್ಲವೂ ಆ ಹೆಸರಿನಲ್ಲಿ. ಯಜಮಾನರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗಾಗಿ ವಯಸ್ಸಿನ ಆಧಾರ ಬೇಕಾಯಿತು. ಶಾಲೆಯ ಹಳೆಯ ಪತ್ರವನ್ನು ಕೊಟ್ಟರೆ, ಇದು ಬೇರೊಬ್ಬ ಹೆಂಗಸಿನದೆಂದು ಕಚೇರಿಯವರು ಕಾಗದವನ್ನು ಹಿಂದಿರುಗಿಸಿದರು. ಜಗಲಿಯ ಬೆಂಚಿನ ಮೇಲೆ ಕುಳಿತು ಅವರು ನನ್ನನ್ನು ಕೇಳಿದರು: "ಟೀಚರೇ, ಈ ಶಾಲೆಯಲ್ಲಿ ಓದಿದವಳು ನಾನು ಹೌದೋ ಅಲ್ಲವೋ?"

ರಿಜಿಸ್ಟರನ್ನು ತೆಗೆದು ನೋಡಿದೆವು. ಹೆಸರು ಇತ್ತು, ಅದರ ಪಕ್ಕದಲ್ಲಿ ತಂದೆಯ ಹೆಸರು, ಊರು, ಹುಟ್ಟಿದ ದಿನಾಂಕ, ಸೇರಿದ ತರಗತಿ, ಬಿಟ್ಟ ವರುಷ ಎಲ್ಲವೂ ಇದ್ದವು. ಹೆಸರೊಂದೇ ಇದ್ದಿದ್ದರೆ ಏನನ್ನೂ ಸ್ಥಾಪಿಸುವಂತಿರಲಿಲ್ಲ, ಏಕೆಂದರೆ ಅದೇ ಹೆಸರಿನವರು ಅದೇ ಪುಟದಲ್ಲಿ ಇನ್ನಿಬ್ಬರಿದ್ದರು. ಹೆಸರಿನ ಸುತ್ತಲೂ ಇದ್ದ ಮನೆಯೇ ಅವರನ್ನು ಉಳಿಸಿತು. ದೃಢೀಕರಿಸಿದ ಪ್ರತಿಯನ್ನು ನಾವು ಕೊಟ್ಟೆವು. ಎರಡು ಹೆಸರುಗಳೂ ಒಬ್ಬಳದೇ ಎಂದು ಪ್ರಮಾಣಪತ್ರವನ್ನು ಅವರು ಮಾಡಿಸಿದರು. ಅನೇಕ ಸಲ ಅಲೆದ ಮೇಲೆ ಪಿಂಚಣಿ ಬಂದಿತು.

ಹೊರಗಿನ ಕಚೇರಿಗೆ ಮನೆಯೊಳಗಿನ ಒಪ್ಪಂದ ತಿಳಿಯದು. ಅಲ್ಲಿಗೆ ಅಕ್ಷರಮಾಲೆಯಾಗಿ ಹೋಗುವ ಹೆಸರಿನ ಜೊತೆಗೆ ಅದರ ಮನೆಯೂ ಹೋಗಬೇಕು. ಹುಡುಗಿಯರಿಗೆ ಈ ವೃತ್ತಾಂತವನ್ನು ಹೇಳಿದಾಗ ಒಬ್ಬಳು ಕೇಳಿದಳು: "ಮಿಸ್, ಹಾಗಾದರೆ ಅವರ ನಿಜವಾದ ಹೆಸರು ಯಾವುದು? ನಮ್ಮಲ್ಲಿರುವುದು ಪೂರ್ಣ ನಾಮ, ಇನ್ನೊಂದು ಅಲಿಯಾಸೆ?"

ಈ ಪ್ರಶ್ನೆಗೆ ನಾನು ತಕ್ಷಣ ಹೌದೆನ್ನಲಿಲ್ಲ. ದೃಷ್ಟಾಂತಕ್ಕೆ ಒಂದು ಮೇರೆಯುಂಟು. ಪಿಎಚ್‌ಪಿಯಲ್ಲಿ ಕರೆಯುವ ಹೆಸರಿಗೆ ಸ್ವಂತ ಅಧಿಕಾರವಿಲ್ಲ. ತಪ್ಪು ಸಂಭವಿಸಿದಾಗ ಕಂಪ್ಯೂಟರು ತೋರಿಸುವುದು ಪೂರ್ಣ ನಾಮವನ್ನೇ. ಮನುಷ್ಯರ ಸಂಗತಿ ಹಾಗಲ್ಲ. ನಾಲ್ವತ್ತು ವರುಷ ಒಂದು ಹೆಸರಿನಿಂದ ಸಂಸಾರ ನಡೆಸಿ, ಮಕ್ಕಳನ್ನು ಸಾಕಿ, ನೆರೆಯವರ ಕಷ್ಟಕ್ಕೆ ಆದವರಿಗೆ ಆ ಹೆಸರು ನಿಜವಲ್ಲವೆನ್ನುವುದಕ್ಕೆ ನಾವು ಯಾರು? ಹಾಗೆಯೇ, ಬಾಲ್ಯದ ಹೆಸರು ಅಳಿಸಿಹೋಗಲಿ ಎನ್ನುವುದಕ್ಕೂ ಯಾರಿಗೂ ಹಕ್ಕಿಲ್ಲ. ಒಂದು ಹೆಸರು ಬಂದುದರಿಂದ ಇನ್ನೊಂದು ಸಾಯಬೇಕಾದುದಿಲ್ಲ ಎಂಬುದೇ ಈ ಪಾಠದಿಂದ ನಾವು ತೆಗೆದುಕೊಳ್ಳತಕ್ಕ ಸಾರ. ಪ್ರತಿ ಹೆಸರಿಗೂ ಅದರ ಮನೆಯನ್ನು ಸ್ಪಷ್ಟವಾಗಿ ಬರೆದಿಟ್ಟರೆ ಎರಡೂ ಬಾಳುತ್ತವೆ.

ಹುಡುಗಿಯರು ಅದರಂತೆಯೇ ತಮ್ಮ ಪ್ರೋಗ್ರಾಮನ್ನು ತಿದ್ದಿದರು. ನಮ್ಮ ಪಟ್ಟಿಯಲ್ಲಿ ಈಗ ಒಬ್ಬೊಬ್ಬ ಹಳೆಯ ವಿದ್ಯಾರ್ಥಿನಿಗೂ ಒಂದೊಂದು ದಾಖಲೆ. ಶಾಲೆಗೆ ಸೇರಿದ ದಿವಸದ ಹೆಸರನ್ನು ಯಾರೂ ಅಳಿಸುವಂತಿಲ್ಲ. ಅದರ ಕೆಳಗೆ ಅನಂತರದ ಹೆಸರುಗಳೆಷ್ಟಿದ್ದರೂ ಬರೆಯಬಹುದು. ಪ್ರತಿಯೊಂದರ ಮುಂದೆಯೂ ಅದು ಎಲ್ಲಿ, ಯಾವಾಗಿನಿಂದ ಬಳಕೆಯಲ್ಲಿದೆಯೆಂದು ಬರೆಯುವ ಸ್ಥಳವಿದೆ. ಯಾವ ಹೆಸರಿನಿಂದ ಹುಡುಕಿದರೂ ಅದೇ ವ್ಯಕ್ತಿ ದೊರೆಯುತ್ತಾರೆ.

ಪ್ರೋಗ್ರಾಮು ಬರೆಯುವ ನಮ್ಮ ಮಕ್ಕಳಿಗೆ ಒಂದು ಬುದ್ಧಿಮಾತು. ಕರೆಯುವ ಹೆಸರು ಸುಲಭವಾಗಿ ದೊರೆಯುತ್ತದೆಂದು ಕ, ಗ ಎಂಬ ಒಂಟಿ ಅಕ್ಷರಗಳನ್ನು ಇಡಬೇಡಿರಿ. ಬರೆದವಳಿಗೆ ಅದು ಒಂದು ವಾರ ನೆನಪಿದ್ದೀತು. ಮುಂದಿನ ವರುಷ ಓದುವವಳಿಗೆ ಒಗಟಾಗುವುದು. ಹೆಸರು ತಾಕಲಾಡಿದಾಗ ಮಾತ್ರ ಆಸ್ ಎಂಬ ಪದವನ್ನು ಬಳಸಿರಿ. ಬಳಸಿದಾಗ, ಮೂಲದ ನೆನಪು ಉಳಿಯುವಂಥ ಹೆಸರನ್ನೇ ಆರಿಸಿರಿ.

ಈ ವಿದ್ಯೆಯಿಂದ ಮಗಳಿಗೆ ಉದ್ಯೋಗ ಸಿಕ್ಕುವುದೆ ಎಂದು ಪೋಷಕರೊಬ್ಬರು ನನ್ನನ್ನು ಕೇಳಿದರು. ಉದ್ಯೋಗವನ್ನು ನಾನು ವಾಗ್ದಾನ ಮಾಡಲಾರೆನು. ಆದರೆ ಒಂದು ಹೆಸರನ್ನು ಕೇಳಿದೊಡನೆ, ಇದು ಯಾವ ಮನೆಯದು, ಇಲ್ಲಿ ಇದರ ಅರ್ಥವೇನು ಎಂದು ವಿಚಾರಿಸುವ ಅಭ್ಯಾಸವು ಹುಡುಗಿಯಲ್ಲಿ ಬೆಳೆದರೆ, ಅವಳು ಕಾಗದಕ್ಕೆ ಸಹಿ ಮಾಡುವ ಮುಂಚೆ ಓದುವಳು, ಲೆಕ್ಕವನ್ನು ಒಪ್ಪುವ ಮುಂಚೆ ಪರೀಕ್ಷಿಸುವಳು. ಅಷ್ಟು ಲಾಭ ನಿಶ್ಚಯ.

ಕಡೆಯದಾಗಿ ಹಳೆಯ ವಿದ್ಯಾರ್ಥಿನಿಯರಿಗೆ ನನ್ನ ಅರಿಕೆ. ನೀವು ಎಲ್ಲಿಯೇ ಇರಿ, ನಿಮ್ಮ ಹೆಸರುಗಳನ್ನು ನಮಗೆ ಬರೆದು ಕಳುಹಿಸಿರಿ. ಶಾಲೆಯಲ್ಲಿದ್ದಾಗಿನ ಹೆಸರು, ತಂದೆಯ ಹೆಸರು, ಊರು, ಬಿಟ್ಟ ವರುಷ, ಈಗಿನ ಹೆಸರು, ಇವಿಷ್ಟು ಇರಲಿ. ಬೋರ್ಡಿಂಗಿನ ಗೆಳತಿಯರು ಪ್ರೀತಿಯಿಂದ ಇಟ್ಟ ಹೆಸರೊಂದಿದ್ದರೆ ಅದನ್ನೂ ಸೇರಿಸಿರಿ. ಅದಕ್ಕೂ ನಮ್ಮ ಹುಡುಗಿಯರು ಸ್ಥಳವಿಟ್ಟಿದ್ದಾರೆ.